ಗಡಿ ದಾಟುವ ಡೀಸೆಲ್, ತಪ್ಪುವ ಅಂದಾಜು

2023ರ ಬಜೆಟಿನಲ್ಲಿ ಕೇರಳದ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿದರು. ನಿರೀಕ್ಷಿಸಿದ ಆದಾಯ 750 ಕೋಟಿ ರೂಪಾಯಿ, ಅಂದರೆ 375 ಕೋಟಿ ಲೀಟರಿನ ಮಾರಾಟ. ಲೀಟರನ್ನು ದರದಿಂದ ಗುಣಿಸಿದರೆ ಇಂಥ ಅಂದಾಜು ಸಿಕ್ಕಿಬಿಡುತ್ತದೆ. ಆದರೆ ದರ ಏರಿದ ಮೇಲೂ ಎಲ್ಲರೂ ಅದೇ ಪಂಪಿಗೆ ಬರುತ್ತಾರೆಂಬ ನಂಬಿಕೆ ಆ ಗುಣಾಕಾರದೊಳಗಿದೆ, ಮತ್ತು ಕರ್ನಾಟಕದ ಗಡಿಗಂಟಿದ ಕಾಸರಗೋಡಿನಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಒಂದೊಂದು ರಾಜ್ಯದ ಮಾರಾಟ ತೆರಿಗೆ ಒಂದೊಂದು ಬಗೆ. 2021ರ ನವೆಂಬರಿನಲ್ಲಿ ಕರ್ನಾಟಕ ಲೀಟರಿಗೆ 7 ರೂಪಾಯಿ ಇಳಿಸಿದಾಗಲೇ ಗಡಿಯ ಊರಾದ ತಲಪಾಡಿಯ ಆಚೀಚೆ ದರದ ಅಂತರ ಹಿಗ್ಗಿತ್ತು.

ಒಟ್ಟು ಮೊತ್ತವನ್ನು ಬಿಟ್ಟು ಒಬ್ಬೊಬ್ಬರ ವರ್ತನೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ವಿಧಾನವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಗೈ ಆರ್ಕಟ್ 1957ರಲ್ಲೇ ಮುಂದಿಟ್ಟಿದ್ದರು. ಕಾಸರಗೋಡು ಜಿಲ್ಲೆಯ ಅನಂತಪುರದ ಇಬ್ಬರನ್ನು ಅದರೊಳಗೆ ಇಟ್ಟು ನೋಡೋಣ. ಕರ್ನಾಟಕದಲ್ಲಿ ದರ ಲೀಟರಿಗೆ 5 ರೂಪಾಯಿ ಕಡಿಮೆ ಎಂದಿಟ್ಟುಕೊಳ್ಳಿ. ಸ್ಕೂಟರಿನವರು 4 ಲೀಟರಿಗೆ 20 ರೂಪಾಯಿ ಉಳಿಸಲೆಂದು ಕುಂಬಳೆ, ಮಂಜೇಶ್ವರ ದಾಟಿ ಹೋಗಿಬಂದರೆ ಅದಕ್ಕಿಂತ ಹೆಚ್ಚಿನ ಪೆಟ್ರೋಲು ದಾರಿಯಲ್ಲೇ ಉರಿದುಹೋಗುತ್ತದೆ. ಅವರು ಇಲ್ಲೇ ಹಾಕಿಸುತ್ತಾರೆ. ಇಲ್ಲಿನ ಕೈಗಾರಿಕಾ ಪ್ರದೇಶದಿಂದ ಹೇಗೂ ಮಂಗಳೂರಿಗೆ ಹೋಗುವ ಲಾರಿಗಾದರೋ 200 ಲೀಟರಿಗೆ 1000 ರೂಪಾಯಿ ಉಳಿತಾಯ, ಸುತ್ತು ಹೊಡೆಯುವ ಮಾತೇ ಇಲ್ಲ. ಖಜಾನೆಯ ಕಡೆಯಿಂದ ನೋಡಿ: ಲೀಟರಿಗೆ 20 ರೂಪಾಯಿ ಇದ್ದ ತೆರಿಗೆ 22 ಆಯಿತೆನ್ನಿ. ಸಮನಾಗಿ ಡೀಸೆಲ್ ಹಾಕಿಸುವ 11 ಲಾರಿಗಳಲ್ಲಿ ಒಂದು ಗಡಿಯಾಚೆ ಹಾಕಿಸಿಕೊಂಡರೂ ಬರುವ ಹಣ ಮೊದಲಿನಷ್ಟೇ. ಎರಡು ಹೋದರೆ ನಷ್ಟ. ಆಚೆ ಹೋದ ಲೀಟರು 2 ರೂಪಾಯಿಯನ್ನಲ್ಲ, ಇಡೀ 22 ರೂಪಾಯಿಯನ್ನು ಕೊಂಡೊಯ್ಯುತ್ತದೆ.

ಗಡಿಯಲ್ಲಿರುವ ಪಂಪುಗಳು ಎಷ್ಟು ಮಹಾ, ಕೊಚ್ಚಿ–ಕೊಲ್ಲಂನವರು ತಲಪಾಡಿಗೆ ಬರುತ್ತಾರೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ರಾಜ್ಯದ ಒಟ್ಟು ಮೊತ್ತ ಇದರಿಂದ ಅಷ್ಟೇನೂ ಅಲುಗದೆ ಇರಬಹುದು. ಆದರೆ ಪೆಟ್ಟು ಬೀಳುವುದೆಲ್ಲ ಮಂಜೇಶ್ವರ ತಾಲೂಕಿನ ಪಂಪುಗಳ ಮೇಲೆ, ಅಲ್ಲಿ ದುಡಿಯುವವರ ಮೇಲೆ. ರಾಜ್ಯದ ಸರಾಸರಿಯಲ್ಲಿ ಅವರು ಕಾಣುವುದೇ ಇಲ್ಲ. ಜನರ ವರ್ತನೆಯನ್ನು ಲೆಕ್ಕಕ್ಕೆ ತರುವುದು ಬರೀ ಊಹೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಊಹೆಯನ್ನು ಪರೀಕ್ಷಿಸಲು ಇಲ್ಲಿ ಅಪರೂಪದ ಅವಕಾಶವಿದೆ: 2023ರ ಏಪ್ರಿಲ್ 1ರಂದು ಕೇರಳದ ದರ ಏರಿತು, 2024ರ ಜೂನಿನಲ್ಲಿ ಕರ್ನಾಟಕದ ದರ ಸುಮಾರು 3 ರೂಪಾಯಿ ಏರಿತು. ಮೊದಲನೆಯದರ ಹಿಂದುಮುಂದಿನ ಮಾರಾಟವನ್ನು ಪಂಪುವಾರು ಕೊಟ್ಟು ಈ ಕಂಪ್ಯೂಟರ್ ಮಾದರಿಯನ್ನು ಹದಗೊಳಿಸಿ, ಎರಡನೆಯದರಲ್ಲಿ ಏನಾಗಬೇಕಿತ್ತೆಂದು ಅದನ್ನೇ ಕೇಳಬಹುದು. ಉತ್ತರ ನಿಜವಾದ ಮಾರಾಟಕ್ಕೆ ಹೊಂದದಿದ್ದರೆ ಮಾದರಿಯನ್ನು ತಿದ್ದಬೇಕು. ಬಜೆಟಿನ ಅಂದಾಜಿನ ಜೊತೆಗೆ, ಎಷ್ಟು ಲೀಟರು ಗಡಿ ದಾಟುತ್ತದೆಂದು ಹಿಡಿದಿದ್ದಾರೆಂಬುದನ್ನೂ ಎರಡೂ ಸರಕಾರಗಳು ಪ್ರಕಟಿಸಬೇಕು.