ಅಕ್ಷರವನ್ನರಿತು ಕತ್ತರಿಸುವ ಅಣು

ಶ್ಲೋಕದ ಪದಚ್ಛೇದವನ್ನು ಮಾಡುವವನು ಕಂಡಕಂಡಲ್ಲಿ ಕತ್ತರಿಸಲಾರನು. ಹಿಂದುಮುಂದಿನ ಅಕ್ಷರಗಳನ್ನು ನೋಡಿದ ಬಳಿಕವೇ ಗೆರೆಯೆಳೆಯುವನು. ಜೀವಿಗಳಲ್ಲಿಯೂ ಹೀಗೆ ಅಕ್ಷರವನ್ನರಿತು ಕತ್ತರಿಸುವ ಅಣುಗಳುಂಟೆಂಬುದನ್ನು ವಾಚಕ ಮಹಾಶಯರಿಗೆ ಅರಿಕೆಮಾಡುವೆವು.

ಅನ್ನವನ್ನು ಚೆನ್ನಾಗಿ ಅಗಿದರೆ ಬಾಯಲ್ಲಿಯೇ ಸಿಹಿಯಾಗುವುದಷ್ಟೆ. ಅದಕ್ಕೆ ಕಾರಣವು ಜೊಲ್ಲಿನಲ್ಲಿರುವ ಕಿಣ್ವವು. (ಸಂಸ್ಕೃತದಲ್ಲಿ ಕಿಣ್ವವೆಂದರೆ ಸುರೆಯನ್ನು ಹುಳಿಯಿಸುವ ದ್ರವ್ಯ, ಹೆಂಡದಂಗಡಿಯ ಶಬ್ದವು ಪ್ರಯೋಗಶಾಲೆಯನ್ನು ಸೇರಿತು!) 1926ರಲ್ಲಿ ಅಮೆರಿಕೆಯ ಸಮ್ನರ್ ಪಂಡಿತರು ಒಂದು ಕಿಣ್ವವನ್ನು ಹರಳುಗಟ್ಟಿಸಿ ಅದು ಪ್ರೋಟೀನೆಂದು ತೋರಿಸಿದರು. ಕಾಲಕ್ರಮದಲ್ಲಿ ಕಿಣ್ವಗಳೆಲ್ಲವೂ ಪ್ರೋಟೀನುಗಳೇ ಎಂಬ ಮತವು ಬೇರೂರಿತು. ಅದನ್ನು ಅಲುಗಿಸಿದವರು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಎಂಬ ವಿದ್ವಾಂಸರು. ಪ್ರೋಟೀನಿನ ನೆರವಿಲ್ಲದೆ ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿಕೊಂಡು ಬೆಸೆದುಕೊಳ್ಳುವುದನ್ನು ಚೆಕ್ ಅವರು 1982ರಲ್ಲಿ ಪ್ರಕಟಿಸಿದರು. 1989ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಇಂತಹ ಆರ್‌ಎನ್‌ಎಗೆ ರೈಬೋಜೈಮ್ ಎಂದು ಹೆಸರು.

ಇವುಗಳಲ್ಲಿ 'ಸುತ್ತಿಗೆತಲೆ' ಎಂಬ ಚಿಕ್ಕದೊಂದನ್ನು ನೋಡೋಣ. ಹೊಗೆಸೊಪ್ಪಿನ ಗಿಡದ ಒಂದು ವೈರಸ್ಸನ್ನು ಆಶ್ರಯಿಸಿರುವ ಪುಟ್ಟ ಆರ್‌ಎನ್‌ಎಯ ಪ್ರತಿಗಳು ಒಂದಕ್ಕೊಂದು ಅಂಟಿ ಮಾಲೆಯಾಗಿ ಹುಟ್ಟುವುವು. ಅವುಗಳನ್ನು ಬಿಡಿಬಿಡಿಯಾಗಿಸುವುದೇ ಇದರ ಕಾರ್ಯವು.

ಆರ್‌ಎನ್‌ಎಗೆ ನಾಲ್ಕೇ ಅಕ್ಷರಗಳು: ಎ, ಯು, ಜಿ, ಸಿ. ಎ ಎಂಬುದು ಯು ಎಂಬುದರೊಡನೆಯೂ, ಜಿ ಎಂಬುದು ಸಿ ಎಂಬುದರೊಡನೆಯೂ ಜೊತೆಗೂಡುವುದು. ರೈಬೋಜೈಮಿನ ಬಾಹುಗಳಲ್ಲಿ ಲಕ್ಷ್ಯದ ಅಕ್ಷರಗಳಿಗೆ ಹೊಂದುವ ಜೊತೆಯಕ್ಷರಗಳಿರುವುವು. ಬಾಹುಗಳು ಎರಡು ಕಡೆಯಿಂದಲೂ ಲಕ್ಷ್ಯವನ್ನಪ್ಪಿದಾಗ ನಡುವೆ, ಸಾಮಾನ್ಯವಾಗಿ ಜಿ-ಯು-ಸಿ ಎಂಬ ಮೂರಕ್ಷರಗಳು ಮುಗಿದೊಡನೆ, ಛೇದವಾಗುವುದು. ಸೋಜಿಗವೇನೆಂದರೆ, ಕತ್ತಿಯು ಹೊರಗಿನಿಂದ ಬರುವುದಿಲ್ಲ. ಲಕ್ಷ್ಯದ ಎಳೆಯ ಸಕ್ಕರೆಯಲ್ಲಿರುವ ಆಮ್ಲಜನಕದ ಪರಮಾಣುವೇ ಪಕ್ಕದ ರಂಜಕದ ಮೇಲೆರಗಿ ಕೊಂಡಿಯನ್ನು ಮುರಿಯುವುದು. ರೈಬೋಜೈಮು ಎಳೆಯನ್ನು ಬಾಗಿಸಿ, ಆ ಎರಡನ್ನೂ ತಕ್ಕ ನೆಲೆಯಲ್ಲಿ ನಿಲ್ಲಿಸಿ, ಜಲಜನಕದ ಕೊಡುಕೊಳೆಗೆ ನೆರವಾಗುವುದು.

ಬಾಹುಗಳು ಉದ್ದವಾದರೆ ಗುರುತು ಇನ್ನೂ ಖಚಿತವಾಗದೇ ಎಂದು ವಾಚಕರು ಕೇಳಬಹುದು. ಹಾಗಾಗದು. ಅಪ್ಪುಗೆ ಬಲವಾದಷ್ಟೂ ಕತ್ತರಿಸಿದ ತುಂಡುಗಳು ಬಿಟ್ಟುಹೋಗವು. ಅವು ಹೋಗದೆ ಮತ್ತೊಂದು ಲಕ್ಷ್ಯಕ್ಕೆ ಎಡೆಯಿಲ್ಲ. ಒಂದಕ್ಷರ ತಪ್ಪಿದ ಪರಕೀಯ ಎಳೆಯು ಕೂಡ ಬಿಡಿಸಿಕೊಳ್ಳಲಾರದೆ ಛೇದಕ್ಕೆ ಗುರಿಯಾಗುವುದು. ಅರಿಯಲು ಬೇಕಾದಷ್ಟು ಹಿಡಿತ, ಬಿಡಲು ಬೇಕಾದಷ್ಟು ಸಡಿಲ, ಇವೆರಡರ ಹದವೇ ಕಷ್ಟವಾದುದು.

ಬಾಹುಗಳ ಅಕ್ಷರಗಳನ್ನು ಬದಲಿಸಿ ಬೇಕಾದ ಲಕ್ಷ್ಯವನ್ನು ಕತ್ತರಿಸುವ ಉಪಾಯವು 1988ರಲ್ಲಿ ಆಸ್ಟ್ರೇಲಿಯದಿಂದ ಹೊರಟಿತು. ಏಡ್ಸ್ ರೋಗದ ವೈರಸ್ಸಿನ ಬರಹವೂ ಆರ್‌ಎನ್‌ಎಯಲ್ಲಿಯೇ ಇರುವುದರಿಂದ ವೈದ್ಯರಿಗೆ ಆಸೆಯು ಮೂಡಿತು. 74 ರೋಗಿಗಳಲ್ಲಿ ನಡೆದ ಪರೀಕ್ಷೆಯ ಫಲವು 2009ರಲ್ಲಿ ಪ್ರಕಟವಾಯಿತು: ಚಿಕಿತ್ಸೆಯಿಂದ ಕೇಡಾದುದು ಕಾಣಲಿಲ್ಲ, ಆದರೆ ಮುಖ್ಯವಾಗಿ ಅಳೆಯಬೇಕೆಂದಿದ್ದ ಸಮಯದಲ್ಲಿ ರಕ್ತದ ವೈರಸ್ಸಿನ ಪ್ರಮಾಣದಲ್ಲಿ ನಿರ್ಣಾಯಕವಾದ ವ್ಯತ್ಯಾಸವೂ ಕಾಣಲಿಲ್ಲ. ಗಾಜಿನ ನಳಿಗೆಯಲ್ಲಿ ಎಳೆಯು ಬಿಚ್ಚಿಕೊಂಡು ಸಿಕ್ಕುವುದು. ಜೀವಕೋಶದಲ್ಲಿ ಅದು ತನ್ನಲ್ಲಿಯೇ ಮಡಿಚಿಕೊಂಡು, ಪ್ರೋಟೀನುಗಳನ್ನು ಹೊದ್ದುಕೊಂಡಿರುವುದು.