ಕೊಬ್ಬರಿ ಅಟ್ಟದ ಕೆಳಗಿನ ಬದುಕು: ಗುಬ್ಬಿ ಸೀಮೆಯ ತೊಟ್ಟಿಮನೆಗಳು

ಗುಬ್ಬಿ ಸೀಮೆಯ ಹಳೇ ಮನೆಯೊಳಗೆ ಹೋದವರು ಮೊದಲು ತಲೆಯೆತ್ತಿ ನೋಡಬೇಕು. ಆ ಮನೆಯ ಆಸ್ತಿ ಇರುತ್ತಿದ್ದುದೇ ಅಟ್ಟದ ಮೇಲೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ರಾಶಿ ಹಾಕಿದರೆ ಹತ್ತು ಹನ್ನೆರಡು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಗುಡುಗುಡು ಎನ್ನುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧ. ಅದಕ್ಕೆಂದೇ ಅಟ್ಟದ ನೆಲಕ್ಕೆ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸುತ್ತಿದ್ದರು. ಕೆಳಗಿನ ಒಲೆಯ ಬಿಸಿ, ಹೊಗೆ ಆ ಸಂದುಗಳಲ್ಲಿ ಏರಿ ಕಾಯಿಯನ್ನು ಒಣಗಿಸುತ್ತಿತ್ತು, ಹುಳ ಬೀಳದಂತೆ ಕಾಯುತ್ತಿತ್ತು. ಅಡುಗೆಯ ಬೆಂಕಿಯೇ ವ್ಯಾಪಾರಕ್ಕೂ ದುಡಿಯುತ್ತಿತ್ತು.

ಸಿಪ್ಪೆಯ ಕಾಯಿ ಒಂದು ಕಿಲೋ ಎಂದು ಹಿಡಿದರೂ ಐದು ಸಾವಿರ ಕಾಯಿಗೆ 5 ಟನ್. ಈ ಮನೆಗಳ ಕಂಬ, ಬೋದಿಗೆ, ತೊಲೆಗಳು ಅಷ್ಟು ದಪ್ಪ ಏಕೆಂಬುದಕ್ಕೆ ಇಲ್ಲಿದೆ ಉತ್ತರ. ಕೆತ್ತನೆಯ ಬೆಡಗು ಆಮೇಲಿನದು. ಕಂಬದ ಮೊದಲ ಕೆಲಸ ಹೊರೆ ಹೊರುವುದು.

ಉಳಿದಂತೆ ಇವು ಹಳೇ ಮೈಸೂರು ಸೀಮೆಗೆಲ್ಲ ಪರಿಚಿತವಾದ ತೊಟ್ಟಿಮನೆಗಳೇ. ಬೀದಿಗೆ ಜಗಲಿ, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಹಿಂದೆ ಹಿತ್ತಲು. ದಪ್ಪ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಆ ಕೆಂಪು ಹೆಂಚು ಇಲ್ಲಿನ ಸೂರುಗಳಿಗೂ ಬಂತು.

ಮನೆಗಳಷ್ಟೇ ಅಲ್ಲ, ಊರಿನ ಇತಿಹಾಸವೂ ದಟ್ಟವಾಗಿದೆ. ‘ಭಾವಚಿಂತಾರತ್ನ’ ಬರೆದ ಮಲ್ಲಣಾರ್ಯ ಗುಬ್ಬಿಯವನು. ಇಲ್ಲಿನ ಆರಾಧ್ಯ ಗೋಸಲ ಚನ್ನಬಸವೇಶ್ವರರ ಶಿಷ್ಯರೇ ತೋಂಟದ ಸಿದ್ಧಲಿಂಗ ಯತಿಗಳು. ಅವರ ಗದ್ದುಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿದೆ. ಗುರುವಿನ ಊರಿಗೂ ಶಿಷ್ಯನ ಊರಿಗೂ ಇಂದಿಗೂ ಭಕ್ತರ ಓಡಾಟವಿದೆ. 1839ರಲ್ಲಿ ಭಾರತಕ್ಕೆ ಬಂದ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ ಗುಬ್ಬಿಯಲ್ಲಿದ್ದು ಕನ್ನಡ ಕಲಿತ. ಮೈಸೂರು ಸೀಮೆಯ ಬಗ್ಗೆ ಅವನ ಪುಸ್ತಕ 1847ರಲ್ಲಿ ಅಚ್ಚಾದಾಗ ಈ ಪುಟ್ಟ ಪೇಟೆಯ ಹೆಸರು ಇಂಗ್ಲೆಂಡಿನ ಓದುಗರಿಗೂ ತಲುಪಿತು.

1884 ಇಲ್ಲಿಗೆ ದೊಡ್ಡ ವರ್ಷ. ಬೆಂಗಳೂರಿನ ರೈಲು ತುಮಕೂರಿನತ್ತ ಬಂದದ್ದು ಆಗ. ಚನ್ನಬಸವೇಶ್ವರರ ಹೆಸರಿನಲ್ಲಿ ನಾಟಕ ಕಂಪನಿ ಹುಟ್ಟಿದ್ದೂ ಆಗಲೇ. ಮುಂದೆ ಗುಬ್ಬಿ ವೀರಣ್ಣನವರು ಆ ಕಂಪನಿಯನ್ನು ನಾಡಿನ ಮನೆಮಾತಾಗಿಸಿದರು. ಇದೇ ಊರಿನ ವರ್ತಕ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರು 1903ರಲ್ಲಿ ಧರ್ಮಛತ್ರ ಕಟ್ಟಿಸಿದರು. ಊರೂರಿನ ಯಾತ್ರಿಕರು, ಓದಲು ಬಂದ ಬಡ ಹುಡುಗರು ಅಲ್ಲಿ ತಂಗಿದ್ದಾರೆ. ಆ ಛತ್ರದ ಹೆಸರು ಬಲ್ಲ ಬೆಂಗಳೂರಿಗರಿಗೆ ಗುಬ್ಬಿಯ ಬೀದಿಗಳ ಪರಿಚಯ ಇಲ್ಲದಿರುವುದು ನನಗೆ ನೋವಿನ ಸಂಗತಿ.

   

ತೊಟ್ಟಿಮನೆಗಳು ಈಗ ಬೇಗಬೇಗ ಉರುಳುತ್ತಿವೆ. ಪಾಲಾದಾಗ ತೊಟ್ಟಿಯ ನಡುವೆಯೇ ಗೋಡೆ ಏಳುತ್ತದೆ. ಬೆಳಕು ಇಬ್ಬರಿಗೂ ಇಲ್ಲವಾಗುತ್ತದೆ. ಕಾಯಿ ಈಗ ತೋಟದ ಕೊಬ್ಬರಿ ಮನೆಗೆ ಹೋಗುತ್ತದೆ, ಒಲೆಯ ಜಾಗಕ್ಕೆ ಗ್ಯಾಸ್ ಬಂದಿದೆ, ಅಟ್ಟಕ್ಕೆ ಕೆಲಸವಿಲ್ಲ. ಸೋರುವ ಸೂರಿನಡಿ ಬದುಕುವವರಿಗೆ ಮನೆ ಕೆಡವಬೇಡಿ ಎನ್ನುವ ಹಕ್ಕು ನನಗಿಲ್ಲ. ಕೆಡವುವ ಮುಂಚೆ ತುಮಕೂರಿನ ವಾಸ್ತುಶಿಲ್ಪ ವಿದ್ಯಾರ್ಥಿಗಳನ್ನು ಕರೆದು ಅಳತೆ ತೆಗೆಸಿ, ನಕ್ಷೆ ಬರೆಸಿ ಎಂದು ಮಾತ್ರ ಕೇಳುತ್ತೇನೆ. ಜೊತೆಗೆ ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಬೇಕು. ಯಾವ ಕಂಬ ಯಾವ ಮರದ್ದು, ಯಾವ ತೋಟದಿಂದ ಬಂತು, ಕಾಯಿ ಎತ್ತುತ್ತಿದ್ದುದು ಯಾವ ಕಿಂಡಿಯಿಂದ ಎನ್ನುವುದು ಅಳತೆಪಟ್ಟಿಗೆ ಸಿಗುವಂಥದ್ದಲ್ಲ.