ಒಂದೇ ಹೊಳಿ, ಎರಡು ಪರಿಹಾರ

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿದಾಗ ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ತೊಗರಿಯೂ ಮುಳುಗಿತು, ಕರ್ನಾಟಕದ ಅಫಜಲಪುರ ಕಡೆಯ ತೊಗರಿಯೂ ಮುಳುಗಿತು. ಕೋಪರಿ, ಡೊಂಬಿವಲಿ, ಕಲ್ಯಾಣಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಗಡಿಯ ಎರಡೂ ಕಡೆಯವರಿದ್ದಾರೆ. ಊರಿಂದ ಫೋನು ಬಂದರೆ ಮೊದಲು ನೀರಿನ ಸುದ್ದಿ, ಆಮೇಲೆ ‘ಸರಕಾರ ಎಷ್ಟು ಕೊಡ್ತದಂತ?’ ಎಂಬ ಪ್ರಶ್ನೆ.

ಒಂದೊಂದು ಕಡೆಗೆ ಒಂದೊಂದು ಉತ್ತರ. ಕೇಂದ್ರದ ಆಗಿನ ವಿಪತ್ತು ಪರಿಹಾರ ನಿಯಮದಂತೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳೆ ಹಾಳಾದರೆ ಖುಷ್ಕಿ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಆ ನೆರೆಗೆ ಕರ್ನಾಟಕ ತನ್ನ ಬೊಕ್ಕಸದಿಂದ ಹೆಕ್ಟೇರಿಗೆ 8,500 ಸೇರಿಸಿತು. ಮಹಾರಾಷ್ಟ್ರ 31,628 ಕೋಟಿಯ ಪ್ಯಾಕೇಜು ಸಾರಿ ಹಿಂಗಾರಿನ ಬೀಜ–ಗೊಬ್ಬರಕ್ಕೆಂದು 10,000 ಸೇರಿಸಿತು, ಮಿತಿಯನ್ನೂ ಮೂರು ಹೆಕ್ಟೇರಿಗೆ ಏರಿಸಿತು. ಲೆಕ್ಕ ಹಾಕಿ: ಎಂಟು ಎಕರೆ ಖುಷ್ಕಿ ತೊಗರಿ ಪೂರ್ತಿ ಕಳಕೊಂಡ ಅಫಜಲಪುರದವನಿಗೆ ಹೆಚ್ಚೆಂದರೆ 34,000, ಅಕ್ಕಲಕೋಟೆಯವನಿಗೆ 55,500. ಬೀಜ ಒಂದೇ, ಮಣ್ಣು ಒಂದೇ, ಮುಳುಗಿಸಿದ ನೀರೂ ಒಂದೇ.

ಹಾಗಂತ ಮಹಾರಾಷ್ಟ್ರದ್ದು ಧಾರಾಳವೆಂದು ಬೀಗುವಂತಿಲ್ಲ. ಎಕರೆಗೆ ಏಳೂವರೆ ಸಾವಿರ! ಉತ್ತು ಬಿತ್ತಿ, ಕಳೆ ತೆಗೆಸಿ, ಎಣ್ಣೆ ಹೊಡೆಸಿದವರಿಗೆ ಅದರ ಬೆಲೆ ಗೊತ್ತು. ಕಡತದಲ್ಲೂ ಇದು ಮರುಬಿತ್ತನೆಗೆ ಕೊಡುವ ಸಹಾಯಧನವೇ, ಹೋದ ಬೆಳೆಯ ಬೆಲೆ ಕಟ್ಟಿಕೊಡುವ ಹಣವಲ್ಲ. ಅಷ್ಟಕ್ಕೂ ಕೇಂದ್ರದ ಬಾಗಿಲು ಬಡಿಯಬೇಕು. 2023ರ ಬರದಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು. ಸುಪ್ರೀಂ ಕೋರ್ಟಿಗೆ ಹೋದಮೇಲೆ, 2024ರ ಏಪ್ರಿಲ್‌ನಲ್ಲಿ, ಸಿಕ್ಕಿದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ಬೇಸಿಗೆಯೂ ಬಂದಿತ್ತು.

ಇದಿಷ್ಟು ಸರಕಾರದ ಮಾತು. ನಮ್ಮದೂ ಒಂದಿದೆ. ಪರಿಹಾರ ಹೋಗುವುದು ಪಹಣಿಯಲ್ಲಿ, ಮಹಾರಾಷ್ಟ್ರದಲ್ಲಾದರೆ ಸಾತ್‌ಬಾರಾದಲ್ಲಿ, ಹೆಸರಿರುವವರ ಆಧಾರ್ ಜೋಡಿಸಿದ ಖಾತೆಗೆ. ಹೊಲ ಅಜ್ಜನ ಹೆಸರಲ್ಲೇ ಉಳಿದು ಅಜ್ಜ ತೀರಿಕೊಂಡಿದ್ದರೆ ಹಣ ಎಲ್ಲಿಗೂ ಹೋಗದೆ ನಿಲ್ಲುತ್ತದೆ. ಇನ್ನು ಹೆಸರು ನಮ್ಮದೇ ಇದ್ದು ಹೊಲವನ್ನು ಪಾಲಿಗೆ ಕೊಟ್ಟಿದ್ದರೆ? ನಾವಿಲ್ಲಿ ಠಾಣೆಯ ಲೋಕಲ್‌ನಲ್ಲಿ ನೇತಾಡುವಾಗ ಮೊಬೈಲಿಗೆ ‘ಜಮಾ’ ಸಂದೇಶ ಬರುತ್ತದೆ. ಅಲ್ಲಿ ಸಾಲ ತಂದು ಬಿತ್ತಿ ಕಳಕೊಂಡವನಿಗೆ ಏನೂ ಬರುವುದಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಗೇಣಿಯನ್ನೇ ನಿಷೇಧಿಸಿದ್ದರಿಂದ ಪಾಲಿನ ಕರಾರನ್ನು ಯಾರೂ ಬರೆದಿಡುವುದಿಲ್ಲ. ಬರೆದರೆ ಹೊಲ ಕೈತಪ್ಪೀತೆಂಬ ಭಯ. ಹೀಗಾಗಿ ಸಮೀಕ್ಷೆಗೆ ಬಂದ ಅಧಿಕಾರಿಯ ಪಟ್ಟಿಯಲ್ಲಿ ಉಳುವವನು ಇರುವುದೇ ಇಲ್ಲ. ಈ ಹಣವನ್ನು ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ತಪ್ಪಲ್ಲದಿರಬಹುದು. ನ್ಯಾಯವಂತೂ ಅಲ್ಲ.

ಮಳೆಗಾಲಕ್ಕೆ ಮುಂಚೆ ಊರಿಗೆ ಹೋದಾಗ ನಾಡಕಚೇರಿಗೋ ತಲಾಠಿಯ ಬಳಿಗೋ ಹೋಗಿ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅರ್ಜಿ ಕೊಟ್ಟು ಬನ್ನಿ. ಪಾಲಿಗೆ ಮಾಡಿದವನಿದ್ದರೆ, ಪರಿಹಾರ ಬಂದ ದಿನವೇ ಅವನ ಖಾತೆಗೆ ಕಳಿಸಿಬಿಡಿ.